ಬಾವುಟ ಹೊತ್ತ ಕಪ್ಪು ಚೌಕ

ಒಂದೇ ಜಾಗದ ಎರಡು ಕಾಲದ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುವ ಗೀಳು ನನಗೆ ಹತ್ತಿದ್ದು ಒಂದು ಶಾಲೆಯಿಂದ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರಿ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು), ಸ್ಯಾಂಡ್‌ಹಿಲ್ಸ್ ಎಂಬ ಮರಳುದಿಬ್ಬಗಳ ಸೀಮೆ. 1950ರ ಸುಮಾರಿನ ಹಾಳೆಯಲ್ಲಿ, ಉದ್ದನೆಯ ಕಣಿವೆಯೊಂದರ ಬಾಯಲ್ಲಿ ಪುಟ್ಟ ಕಪ್ಪು ಚೌಕ, ಅದರ ತಲೆಯ ಮೇಲೊಂದು ಬಾವುಟ. ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ಮಾಡಿದ ನಕ್ಷೆಗಳಲ್ಲಿ ಬಾವುಟ ಹೊತ್ತ ಚೌಕ ಎಂದರೆ ಶಾಲೆ. 1980ರ ದಶಕದ ಹಾಳೆಯಲ್ಲಿ ಆ ಚೌಕ ಇಲ್ಲ. ಅದಿರಲಿ, ಹಳೆಯ ಹಾಳೆಯಲ್ಲೇ ಶಾಲೆಯ ಸುತ್ತ ಮೂರು ಮೈಲಿಯಲ್ಲಿ ಎರಡೇ ಮನೆ. ಎರಡು ಮನೆಗೊಂದು ಶಾಲೆ ಯಾರು ಕಟ್ಟುತ್ತಾರೆ? ಮಕ್ಕಳು ಎಲ್ಲಿಂದ ಬರುತ್ತಿದ್ದರು?

ಈ ಪ್ರಶ್ನೆ ಬೆನ್ನು ಹತ್ತಿ ಎರಡು ಚಳಿಗಾಲ ಪರದೆಯ ಮುಂದೆ ಕೂತೆ, ಎರಡು ಬೇಸಿಗೆ ಆ ದಿಬ್ಬಗಳಲ್ಲಿ ಅಲೆದೆ. ದನ ಸಾಕುವವರ ಚರಿತ್ರೆಯನ್ನು ನಕ್ಷೆಯಿಂದ ಓದುವುದು ಹೇಗೆ ಅಂತ ಕಲಿತದ್ದು ಹಾಗೆ.

ಸ್ಯಾಂಡ್‌ಹಿಲ್ಸ್ ಅಂದರೆ ಹುಲ್ಲು ಹೊದ್ದ ಮರಳು. ಗಾಳಿ ಗುಡ್ಡೆ ಹಾಕಿದ ದಿಬ್ಬಗಳು, ಅವುಗಳ ನಡುವೆ ತೇವದ ಕಣಿವೆಗಳು. ನೆಲದಡಿಯ ನೀರು ಎಷ್ಟು ಮೇಲಿದೆಯೆಂದರೆ ಹಲವು ಕಣಿವೆಗಳಲ್ಲಿ ಅದು ಕೊಳವಾಗಿ ಹೊರಗೇ ಕಾಣುತ್ತದೆ. ದಿಬ್ಬದ ಮೇಲೆ ಬೇಸಿಗೆಯ ಮೇವು, ಕಣಿವೆಯಲ್ಲಿ ಕೊಯ್ದು ಬಣವೆ ಒಟ್ಟಿದರೆ ಚಳಿಗಾಲಕ್ಕೆ ಒಣಹುಲ್ಲು. ಅಲ್ಲಿ ದನದ ಬದುಕು ನಿಂತಿರುವುದೇ ಈ ಜೋಡಿಯ ಮೇಲೆ. ಇದು ತಿಳಿಯುವ ತನಕ ನಕ್ಷೆ ನನ್ನ ಜೊತೆ ಮಾತಾಡಲಿಲ್ಲ.

ಹಳೆಯ ಹಾಳೆಗಳು ಸಿಗುವುದು ಕಷ್ಟವಲ್ಲ. 1879ರಲ್ಲಿ ಶುರುವಾದ ಆ ಸಂಸ್ಥೆ 1884ರಿಂದ 2006ರವರೆಗಿನ ತನ್ನ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಟೋಪೋವ್ಯೂ ಎಂಬ ತಾಣದಲ್ಲಿ ಬಿಟ್ಟಿಯಾಗಿ ಇಟ್ಟಿದೆ. ನೆಲವನ್ನು ಎಷ್ಟು ಪಟ್ಟು ಕುಗ್ಗಿಸಿ ಬರೆದಿದೆ ಎಂಬ ಅಳತೆ ಮಾತ್ರ ಬೇರೆ ಬೇರೆ. ತೀರ ಹಳೆಯವು ಸಾಮಾನ್ಯವಾಗಿ 1:125,000, ಆಮೇಲಿನವು 1:62,500, ನಂತರ ಬಂದವು 1:24,000. ಕೊನೆಯದರಲ್ಲಿ ಒಂದೊಂದು ಮನೆಯೂ ಸಿಗುತ್ತದೆ. ಮೊದಲನೆಯದರಲ್ಲಿ ಮನೆಗಿಂತ ದಾರಿ ಮುಖ್ಯ. ಎಲ್ಲ ಸೀಮೆಗೂ ಎಲ್ಲ ಕಾಲದ ಹಾಳೆ ಇರುವುದಿಲ್ಲ, ನನ್ನ ಕಣಿವೆಗೆ ಉಪಯೋಗಕ್ಕೆ ಬಂದದ್ದು ಎರಡೇ.

ಹಾಳೆ ತೆರೆದ ಕೂಡಲೇ ನಡುವಿಗೆ ಹೋಗಬೇಡಿ, ಮೊದಲು ಅಂಚು ಓದಿ. ಕೆಳಗೆ ಎಡಮೂಲೆಯಲ್ಲಿ ಸಣ್ಣಕ್ಷರದಲ್ಲಿ ಆ ಹಾಳೆಯ ಜಾತಕವೇ ಇರುತ್ತದೆ: ವಿಮಾನದಿಂದ ಚಿತ್ರ ತೆಗೆದ ವರ್ಷ, ನೆಲದ ಮೇಲೆ ಹೋಗಿ ಪರಿಶೀಲಿಸಿದ ವರ್ಷ. ಮುದ್ರಣದ ವರ್ಷ ಇವೆರಡಕ್ಕಿಂತ ಬೇರೆಯಾಗಿರಬಹುದು. ನಾನು ಶುರುವಿನಲ್ಲಿ ಮುದ್ರಣದ ವರ್ಷವನ್ನೇ ನಂಬಿ, ಒಂದು ಮನೆ ಇನ್ನೂ ನಾಲ್ಕು ವರ್ಷ ನಿಂತಿತ್ತು ಅಂತ ಟಿಪ್ಪಣಿ ಬರೆದುಕೊಂಡಿದ್ದೆ. ಚಿತ್ರ ತೆಗೆದ ದಿನ ಅದಿತ್ತು, ಅಷ್ಟೇ ಹೇಳಲು ಬರುತ್ತದೆ. ನೇರಳೆ ಬಣ್ಣದಲ್ಲಿ ಮುದ್ರಿಸಿದ್ದು ಕಂಡರೆ ಇನ್ನೂ ಎಚ್ಚರ ಬೇಕು. ಅದು ಆಮೇಲೆ ವಿಮಾನದ ಚಿತ್ರ ನೋಡಿ ಸೇರಿಸಿದ ತಿದ್ದುಪಡಿ. ಬಹುಪಾಲು ಯಾರೂ ಆ ಜಾಗಕ್ಕೆ ಹೋಗಿ ನೋಡಿರುವುದಿಲ್ಲ.

ಬಣ್ಣಗಳ ಭಾಷೆ ಬೇಗ ಒಗ್ಗುತ್ತದೆ. ಕಂದು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ), ನೀಲಿ ನೀರು, ಹಸಿರು ಮರ, ಕಪ್ಪು ಮನುಷ್ಯ ಮಾಡಿದ್ದು. ಮುಚ್ಚಿಕೊಂಡ ಕಾಂಟೂರ್ ಗೆರೆಗೆ ಒಳಮುಖವಾಗಿ ಸಣ್ಣ ಹಲ್ಲುಗಳಿದ್ದರೆ ಅದು ಗುಡ್ಡವಲ್ಲ, ತಗ್ಗು. ಮರಳುಸೀಮೆಯಲ್ಲಿ ಇಂಥ ತಗ್ಗುಗಳಿಗೆ ಲೆಕ್ಕವಿಲ್ಲ. ಕೆಲವು ಗಾಳಿ ಕಿತ್ತು ತೆಗೆದ ಗುಂಡಿಗಳು, ಹುಲ್ಲಿನ ಹೊದಿಕೆ ಹರಿದ ಗಾಯಗಳು.

ನಾನು ದೊಡ್ಡದಾಗಿ ಎಡವಿದ್ದು ಗಾಳಿಯಂತ್ರಗಳಲ್ಲಿ. ಈ ಹಾಳೆಗಳ ತುಂಬ ನೀರೆತ್ತುವ ಗಾಳಿಯಂತ್ರದ ಗುರುತು. ಮನೆಯಿಲ್ಲದೆ ಯಂತ್ರವೇಕೆ, ಪ್ರತಿಯೊಂದರ ಪಕ್ಕದಲ್ಲೂ ಒಂದು ಕಾಲಕ್ಕೆ ಸಂಸಾರವೊಂದು ಇದ್ದಿರಲೇಬೇಕು ಅಂತ ತರ್ಕ ಮಾಡಿ, ಒಂದೇ ಹಾಳೆಯಲ್ಲಿ ನಲವತ್ತಕ್ಕೂ ಹೆಚ್ಚು ‘ಕಳೆದುಹೋದ ಮನೆ’ ಗುರುತು ಹಾಕಿಕೊಂಡೆ. ಬಹುಪಾಲು ತಪ್ಪು. ದನ ನೀರಿಗಾಗಿ ಬಹಳ ದೂರ ನಡೆದರೆ ಮೈ ಇಳಿಯುತ್ತದೆ. ನೀರಿನ ಹತ್ತಿರದ ಹುಲ್ಲು ಬೋಳಾಗಿ ದೂರದ್ದು ಹಾಗೇ ಉಳಿಯುತ್ತದೆ. ಅದಕ್ಕೇ ರ‍್ಯಾಂಚಿನವರು (ದನ ಸಾಕುವ ದೊಡ್ಡ ಹಿಡುವಳಿಗಳವರು) ಹುಲ್ಲುಗಾವಲಿನ ಉದ್ದಗಲಕ್ಕೂ ಯಂತ್ರ ನೆಟ್ಟರು. ಗಾಳಿಯಂತ್ರ ಹೇಳುವುದು ದನದ ಕತೆ, ಮನೆಯ ಕತೆಯಲ್ಲ.

ಮನೆಯ ಕತೆ ಹೇಳುವುದು ಮರ. ಆ ಸೀಮೆಯಲ್ಲಿ ದಿಬ್ಬದ ಮೇಲೆ ಮರ ತಾನಾಗಿ ನಿಲ್ಲುವುದು ಅಪರೂಪ. ಹಸಿರು ಪಟ್ಟಿಯೊಂದು ಆಯತಾಕಾರದಲ್ಲಿ, ಅಂಚು ನೇರವಾಗಿ, ವಾಯವ್ಯದ ಗಾಳಿಗೆ ಅಡ್ಡವಾಗಿ ಇದ್ದರೆ ಅದು ಕೈಯಾರೆ ನೆಟ್ಟದ್ದು. ಅದರ ಮರೆಯಲ್ಲಿ ಬಹುಮಟ್ಟಿಗೆ ಮನೆ ಇರುತ್ತದೆ, ಇಲ್ಲವೆ ಇದ್ದಿರಬೇಕು. ಹಳೆಯ ಹಾಳೆಯಲ್ಲಿ ಹಸಿರು ಆಯತ ಉಂಟು, ಕಪ್ಪು ಚೌಕ ಇಲ್ಲ ಅಂತಾದರೆ ಆ ಮನೆ ನಕ್ಷೆ ಮಾಡಿದವರು ಬರುವ ಮುಂಚೆಯೇ ಹೋಗಿರಬೇಕು. ಹೀಗೆ ಹುಡುಕಿದಾಗ ನನ್ನ ಶಾಲೆಯ ಸುತ್ತ ಏಳು ಹಸಿರು ಆಯತ ಸಿಕ್ಕವು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಏಳು ಮನೆ ಯಾರವು? ಉತ್ತರ ನಕ್ಷೆಯಲ್ಲಿಲ್ಲ, ಹಕ್ಕುಪತ್ರದಲ್ಲಿದೆ. ನಕ್ಷೆಯ ಮೇಲೆ ತೆಳುವಾದ ಕೆಂಪು ಗೆರೆಯ ಚೌಕಗಳಿವೆಯಲ್ಲ, ಅವು ಸೆಕ್ಷನ್‌ಗಳು. ಒಂದೊಂದೂ ಒಂದು ಚದರ ಮೈಲಿ, 640 ಎಕರೆ. ಮೂವತ್ತಾರು ಸೆಕ್ಷನ್ ಸೇರಿದರೆ ಒಂದು ಟೌನ್‌ಶಿಪ್. ಅಂಚಿನಲ್ಲಿ ಬರೆದ ಟೌನ್‌ಶಿಪ್ ಮತ್ತು ರೇಂಜ್ ಸಂಖ್ಯೆ (ಆ ತುಂಡು ಯಾವ ಅಡ್ಡಸಾಲು, ಯಾವ ಉದ್ದಸಾಲಿನಲ್ಲಿದೆ ಎಂಬುದು) ಹಿಡಿದು ಹುಡುಕಿದರೆ, ಸರ್ಕಾರ ಆ ನೆಲವನ್ನು ಮೊದಲ ಸಲ ಯಾರಿಗೆ, ಯಾವ ದಿನ, ಎಷ್ಟು ಎಕರೆ ಬರೆದುಕೊಟ್ಟಿತು ಎಂಬುದು ಕೇಂದ್ರದ ಭೂ ನಿರ್ವಹಣಾ ಇಲಾಖೆಯ ದಾಖಲೆ ತಾಣದಲ್ಲಿ ಸಿಗುತ್ತದೆ. ಅದಕ್ಕೂ ಕಾಸಿಲ್ಲ.

1862ರ ಹೋಮ್‌ಸ್ಟೆಡ್ ಕಾಯ್ದೆ ಒಬ್ಬರಿಗೆ 160 ಎಕರೆ ಕೊಟ್ಟಿತು. ಮಳೆ ಬೀಳುವ ಕಡೆ ಅದು ಸಾಕು, ಈ ಮರಳಿನಲ್ಲಿ 160 ಎಕರೆಯಿಂದ ಸಂಸಾರ ಸಾಗದು. ಹಾಗಾಗಿ ಬಹುಕಾಲ ಆ ನೆಲ ಸರ್ಕಾರದ್ದಾಗಿಯೇ ಉಳಿದು, ದೊಡ್ಡ ದನದ ಕಂಪನಿಗಳು ಅದರ ಸುತ್ತ ಮುಳ್ಳುತಂತಿ ಎಳೆದು ತಮ್ಮದೇ ಎಂಬಂತೆ ಮೇಯಿಸಿಕೊಂಡವು. ಹಾಗೆ ಬೇಲಿ ಹಾಕುವುದನ್ನು 1885ರಲ್ಲೇ ಕಾನೂನು ನಿಷೇಧಿಸಿತ್ತು. 1888ರಲ್ಲಿ ಸ್ಪೇಡ್ ರ‍್ಯಾಂಚ್ ಕಟ್ಟಿದ ಬಾರ್ಟ್‌ಲೆಟ್ ರಿಚರ್ಡ್ಸ್ ಮೇಲೆ ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ ಸರ್ಕಾರಿ ನೆಲವನ್ನು ಮೋಸದಿಂದ ಪಡೆಯುವ ಸಂಚಿನ ಮೊಕದ್ದಮೆ ನಡೆದು, 1906ರಲ್ಲಿ ಶಿಕ್ಷೆಯಾಯಿತು. ಶಿಕ್ಷೆ ಅನುಭವಿಸುತ್ತಿರುವಾಗಲೇ, 1911ರಲ್ಲಿ ಆತ ತೀರಿಕೊಂಡ. ಈ ನಡುವೆ, 1904ರಲ್ಲಿ, ನೆಬ್ರಾಸ್ಕಾದ ಪಶ್ಚಿಮದ 37 ಕೌಂಟಿಗಳಿಗೆಂದೇ ಕಿಂಕೇಡ್ ಕಾಯ್ದೆ ಬಂದು ಒಬ್ಬೊಬ್ಬರಿಗೆ 640 ಎಕರೆವರೆಗೂ ಸಿಗುವಂತಾಯಿತು. ಐದು ವರ್ಷ ವಾಸ ಮಾಡಬೇಕು, ಎಕರೆಗೆ 1.25 ಡಾಲರಿನಷ್ಟು ಕೆಲಸ ಮಾಡಿ ತೋರಿಸಬೇಕು. ಜನ ಮುಗಿಬಿದ್ದರು. ಹುಲ್ಲುಗಡ್ಡೆಯ ಮಣ್ಣನ್ನೇ ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಿದರು, ಸೌದೆಯಿಲ್ಲದ್ದರಿಂದ ಬಯಲಲ್ಲಿ ಒಣಗಿದ ಸಗಣಿ ಆರಿಸಿ ತಂದು ಒಲೆ ಹಚ್ಚಿದರು. ಚೆರಿ ಕೌಂಟಿಯ ಬ್ರೌನ್ಲೀ ಊರಿನ ಬಳಿ, ನಾರ್ತ್ ಲೂಪ್ ನದಿಯ ದಂಡೆಯಲ್ಲಿ 1907ರಲ್ಲಿ ಕಪ್ಪು ಜನರ ಡಿವಿಟ್ಟಿ ಎಂಬ ನೆಲೆಯೂ ಎದ್ದಿತು. 1930ರ ದಶಕದ ಹೊತ್ತಿಗೆ ಅದೂ ಬರಿದಾಯಿತು.

ನನ್ನ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇಲ್ಲಿಂದ ಶುರು. ಹಳೆಯ ಹಾಳೆಯನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹರಡಿದೆ. ಒಂದೊಂದು ಹಕ್ಕುಪತ್ರದ ಚಕ್ಕುಬಂದಿ ಓದುತ್ತ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲಿನಿಂದ ತುಂಬುತ್ತ ಹೋದೆ. ಪತ್ರದಲ್ಲಿ ನೆಲವನ್ನು ಸೆಕ್ಷನ್ನಿನ ಕಾಲುಭಾಗ, ಆ ಕಾಲಿನ ಕಾಲುಭಾಗ ಅಂತ ಬರೆದಿರುತ್ತಾರೆ. ಕೊನೆಯ ತುಂಡು 40 ಎಕರೆ. 640 ಎಕರೆ ಅಂದರೆ ಅಚ್ಚುಕಟ್ಟಾದ ಒಂದು ಚೌಕ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಉದ್ದನೆಯ ಮೆಟ್ಟಿಲುಗಳು, ಕೊಕ್ಕೆಗಳು, ಹಾವಿನಂಥ ಪಟ್ಟಿಗಳು. ಸಾಯಂಕಾಲದವರೆಗೂ ಅರ್ಥವಾಗಲಿಲ್ಲ. ಬಣ್ಣದಡಿಯ ಕಾಂಟೂರ್ ಗೆರೆಗಳ ಕಡೆ ಕಣ್ಣು ಹೋದಾಗ ಎಲ್ಲ ತಿಳಿಯಾಯಿತು. ಪ್ರತಿ ಪಟ್ಟಿಯೂ ಕಣಿವೆಯ ತಳವನ್ನು ಹಿಡಿದು ಸಾಗುತ್ತಿತ್ತು. ಅವರು ಎಕರೆ ಆರಿಸಿರಲಿಲ್ಲ, ಒಣಹುಲ್ಲು ಆರಿಸಿದ್ದರು. ಮೊದಲು ಬಂದವನ ಪಟ್ಟಿ ಕಣಿವೆಯ ನಡುವಿಗೆ, ತಡವಾಗಿ ಬಂದವರಿಗೆ ಉಳಿದದ್ದು ದಿಬ್ಬ. ಹಕ್ಕುಪತ್ರದ ತಾರೀಖು ನೋಡಿದರೆ ಬಹಳಷ್ಟು ಕಡೆ ಇದೇ ಕ್ರಮ. ಹೆಸರುಗಳಲ್ಲಿ ಹೆಂಗಸರೂ ಇದ್ದರು. ಮದುವೆಯಾಗದವರೂ ವಿಧವೆಯರೂ ಸ್ವಂತ ಹೆಸರಿನಲ್ಲಿ ನೆಲ ಕೇಳಬಹುದಿತ್ತು.

ಹಸಿರು ಆಯತಗಳು ಏಳಿದ್ದವಲ್ಲ, ಅವುಗಳಲ್ಲಿ ಆರು ಬೇರೆ ಬೇರೆ ಬಣ್ಣದ ಪಟ್ಟಿಗಳೊಳಗೆ ಕೂತವು. ಒಂದು ಕಣಿವೆ, ಆರು ಸಂಸಾರ. ಶಾಲೆಗೆ ಮಕ್ಕಳು ಬಂದದ್ದು ಇಲ್ಲಿಂದ. 1980ರ ದಶಕದ ಹಾಳೆಯಲ್ಲಿ ಅದೇ ಕಣಿವೆಗೆ ಒಂದೇ ರ‍್ಯಾಂಚಿನ ಹೆಸರು. ದಿಬ್ಬದ ಪಾಲು ಬಂದವರು ಮೊದಲು ಮಾರಿ ಹೊರಟಿರಬೇಕು ಎಂಬುದು ನನ್ನ ಊಹೆ. ಅದನ್ನು ಪಕ್ಕಾ ಮಾಡಲು ಕೌಂಟಿ ಕಚೇರಿಯ ಕ್ರಯಪತ್ರಗಳನ್ನು ನೋಡಬೇಕು.

ನೆಲದ ಮೇಲೆ ಹೋಗುವ ಮುಂಚೆ ಒಂದು ಮಾತು. ಆ ಸೀಮೆಯ ಬಹುತೇಕ ನೆಲ ಖಾಸಗಿಯದು. ನಕ್ಷೆಯಲ್ಲಿ ದಾರಿ ಇದೆ ಎಂದ ಮಾತ್ರಕ್ಕೆ ಕಾಲಿಡುವ ಹಕ್ಕಿಲ್ಲ. ರ‍್ಯಾಂಚಿನ ಮನೆಯ ಬಾಗಿಲು ತಟ್ಟಿ ಕೇಳಬೇಕು. ಮುಚ್ಚಿದ ಗೇಟನ್ನು ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ಹಾಗೇ ಬಿಡಬೇಕು. ನಾನು ಬಣ್ಣ ತುಂಬಿದ ಹಾಳೆಯನ್ನೇ ಒಯ್ದಿದ್ದೆ. ಬಾಗಿಲು ತೆರೆದ ಯಜಮಾನರಿಗೆ ಎಂಬತ್ತು ದಾಟಿತ್ತು. ನಾನು ಮಾತು ಮುಗಿಸುವ ಮೊದಲೇ ಹಾಳೆ ಇಸಕೊಂಡು ಅಡುಗೆಮನೆಯ ಮೇಜಿನ ಮೇಲೆ ಹರಡಿದರು. ಹಳದಿ ಪಟ್ಟಿಯ ಮೇಲೆ ಬೆರಳಿಟ್ಟು, “ಇದು ನಮ್ಮ ಅಜ್ಜಿಯದು, ಅಜ್ಜನದಲ್ಲ” ಅಂದರು. ಪತ್ರದಲ್ಲಿ ಇದ್ದದ್ದೂ ಹೆಂಗಸಿನ ಹೆಸರೇ.

ಮೊದಲ ಮನೆಯ ಜಾಗ ಹುಡುಕುವಾಗ ಮೋಸಹೋದೆ. ಹಳೆಯ ಹಾಳೆಯ ಅಂಚಿನಿಂದ ಅಕ್ಷಾಂಶ ರೇಖಾಂಶ ಕೈಯಲ್ಲಿ ಲೆಕ್ಕಹಾಕಿ ಫೋನಿಗೆ ತುಂಬಿದ್ದೆ. ಆ ಹಾಳೆಗಳು 1927ರ ಆಧಾರಮಾನದ (ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ನೆಲೆಯ) ಮೇಲೆ ನಿಂತವು, ಫೋನಿನದು ಬೇರೆ. ಅಲ್ಲಿ ಎರಡರ ನಡುವಿನ ಅಂತರ ಮೂವತ್ತು ನಲವತ್ತು ಮೀಟರ್. ಇನ್ನಷ್ಟು ಪಶ್ಚಿಮದ ರಾಜ್ಯಗಳಲ್ಲಿ ನೂರರ ಹತ್ತಿರಕ್ಕೆ ಹೋಗುತ್ತದೆ. ಸೊಂಟದೆತ್ತರದ ಹುಲ್ಲಿನಲ್ಲಿ ನಲವತ್ತು ಮೀಟರ್ ಎಂದರೆ ಅಡಿಪಾಯ ಕಾಣುವುದೇ ಇಲ್ಲ. ಕಡೆಗೆ ದಾರಿ ತೋರಿಸಿದ್ದು ಒಂದು ಲೈಲಾಕ್ ಪೊದೆ. ಬಾಗಿಲ ಬಳಿ ಯಾರೋ ನೆಟ್ಟದ್ದು, ಮನೆ ಹೋದರೂ ಅದು ಹೋಗಿರಲಿಲ್ಲ. ಅದರ ಬುಡದಲ್ಲಿ ಮಣ್ಣಿನ ಗೋಡೆ ಕರಗಿ ಉಳಿದ ಮೊಣಕಾಲೆತ್ತರದ ಏರಿ, ಒಲೆಯ ಬೀಡುಕಬ್ಬಿಣದ ತುಂಡು. ಏನನ್ನೂ ಎತ್ತಿಕೊಳ್ಳಲಿಲ್ಲ, ಚಿತ್ರ ತೆಗೆದುಕೊಂಡೆ.

ಶಾಲೆಯ ಜಾಗದಲ್ಲಿ ಮಾತ್ರ ಅಡಿಪಾಯದ ಕಲ್ಲೂ ಇರಲಿಲ್ಲ. ವಾಪಸು ಬಂದು ಯಜಮಾನರಿಗೆ ಹೇಳಿದೆ. “ಹೇಗಿರುತ್ತೆ? ಅದನ್ನ ಎಳ್ಕೊಂಡು ಹೋದ್ರಲ್ಲ” ಅಂದರು. ಈ ಕಣಿವೆಯ ಮಕ್ಕಳು ದೊಡ್ಡವರಾಗಿ, ಪಕ್ಕದ ಕಣಿವೆಯಲ್ಲಿ ಚಿಕ್ಕ ಮಕ್ಕಳಿದ್ದ ಮನೆಗಳು ಹೆಚ್ಚಾದಾಗ, ಮರದ ದಿಮ್ಮಿಗಳ ಮೇಲೆ ಕಟ್ಟಡವನ್ನೇ ಇಟ್ಟು ಟ್ರ್ಯಾಕ್ಟರಿನಿಂದ ಎಳೆದೊಯ್ದಿದ್ದರಂತೆ. ಅವರ ಬೆರಳು ಹಾಳೆಯ ಮೇಲೆ ಈಶಾನ್ಯಕ್ಕೆ ಸರಿದು, ದಿಬ್ಬಗಳ ಸಾಲು ದಾಟಿ ನಿಂತಿತು. ಆ ಜಾಗ ನನಗೆ ಗೊತ್ತಿತ್ತು. 1980ರ ದಶಕದ ಹಾಳೆಯಲ್ಲಿ ಅಲ್ಲೊಂದು ಬಾವುಟದ ಚೌಕವಿದೆ, ಆಸುಪಾಸಿನ ಐದು ಶಾಲೆಗಳ ನನ್ನ ಪಟ್ಟಿಯಲ್ಲಿ ಈ ಕಣಿವೆಯ ಶಾಲೆ ಎರಡನೆಯ ಸಂಖ್ಯೆ, ಅದು ಬೇರೆಯದೇ ಶಾಲೆ, ಐದನೆಯ ಸಂಖ್ಯೆ. ಅಂದು ಕಾರಿನಲ್ಲಿ ಕೂತು ಪಟ್ಟಿ ತಿದ್ದಿದೆ: ಎರಡು ಮತ್ತು ಐದು ಒಂದೇ ಕಟ್ಟಡ. ಉಳಿದ ಮೂರು ಎಲ್ಲಿಂದ ಎಲ್ಲಿಗೆ ನಡೆದವು ಅಂತ ಈಗ ಮೊದಲಿನಿಂದ ನೋಡುತ್ತಿದ್ದೇನೆ.