ಬದುವಿನ ಸುಬಾಬುಲ್: ಮೇವೂ ಸಿಕ್ಕಿತು, ಒಲೆಗೆ ಕಟ್ಟಿಗೆಯೂ ಸಿಕ್ಕಿತು

ಹೊಲದ ಬದುವಿಗೆ ಸುಬಾಬುಲ್ ಎಂಬ ಮೇವಿನ ಮರ ಹಚ್ಚುತ್ತೇನೆ ಅಂದಾಗ, "ಅದನ್ನ ಹಚ್ಚಿದ್ರ ಹೊಲಾ ತುಂಬ ಹಬ್ಬತೈತಿ, ಎಮ್ಮಿ ಕೂದ್ಲಾ ಉದುರತಾವ" ಅಂತ ಮುಂಡರಗಿ ಕಡೆ ಎಲ್ಲರೂ ಹೆದರಿಸಿದರು. ಎರಡೂ ಸುಳ್ಳಲ್ಲ. ಕಾಯಿ ಬಲಿಯಲು ಬಿಟ್ಟರೆ ಹಬ್ಬುತ್ತದೆ, ಬರೀ ಅದರ ಸೊಪ್ಪನ್ನೇ ಹಾಕಿದರೆ ಅದರಲ್ಲಿರುವ ಮಿಮೊಸಿನ್ ಎಂಬ ವಿಷ ಕೂದಲು ಉದುರಿಸುತ್ತದೆ. ನಾನು ಹೂವಿಗೆ ಮೊದಲೇ ಕುಡಗೋಲು ಹಾಕುತ್ತೇನೆ, ಮೇವಿನಲ್ಲಿ ಮೂರನೇ ಒಂದು ಪಾಲು ದಾಟಿಸುವುದಿಲ್ಲ, ಉಳಿದದ್ದು ಜೋಳದ ಕಣಿಕೆ. ಕುದುರೆ ಇದ್ದವರು ಮಾತ್ರ ಇದರ ತಂಟೆಗೇ ಹೋಗಬೇಡಿ.

ಮೊದಲ ವರ್ಷ ದುಡ್ಡು ಮಣ್ಣಾಯಿತು. ಸಸಿ, ಗುಂಡಿಯ ಕೂಲಿ, ಟ್ಯಾಂಕರ್ ನೀರು ಸೇರಿ ಹತ್ತು ಸಾವಿರದ ಹತ್ತಿರ ಹೋಯಿತು. ಎರೆ (ಕಪ್ಪು ಮಣ್ಣಿನ) ಹೊಲದ ತಗ್ಗಿನಲ್ಲಿ ನೀರು ನಿಂತು ಅರ್ಧ ಕೊಳೆತವು. ಉಳಿದದ್ದನ್ನು ಸುಗ್ಗಿ ಮುಗಿದ ಮೇಲೆ ಊರ ಆಡುಗಳು ಬುಡದ ತನಕ ಮೇಯ್ದವು. ಮರುವರ್ಷ ಸಸಿ ಗೊಡವೆಯೇ ಬೇಡವೆಂದು ಬೀಜವನ್ನು ಕುದ್ದು ಇಳಿಸಿದ ನೀರಲ್ಲಿ ಎರಡು ಮೂರು ನಿಮಿಷ ಬಿಟ್ಟು, ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿ, ಮುಂಗಾರಿ ಹಸಿ ನೋಡಿಕೊಂಡು ಮಸಾರಿ (ಕೆಂಪು ಮಣ್ಣಿನ) ಹೊಲದ ಬದುವಿಗೆ ಸಾಲಾಗಿ ಊರಿದೆ. ಸುತ್ತ ಜಾಲಿಮುಳ್ಳು. ಊರುವ ಮುಂಚೆ ಬೀಜಕ್ಕೆ ಒಂದು ಲೇಪ ಹಚ್ಚುತ್ತೇನೆ, ಅದರ ಗುಟ್ಟು ಹೊಲಕ್ಕೆ ಬಂದು ನೋಡಿದವರಿಗೆ ಮಾತ್ರ!

ಒಂದು ವರ್ಷ ಮುಟ್ಟಲಿಲ್ಲ. ಆಮೇಲೆ ಸೊಂಟದೆತ್ತರಕ್ಕೆ ಕೊಯ್ಲು, ಮಳೆಗಾಲದಲ್ಲಿ ಒಂದೂವರೆ ತಿಂಗಳಿಗೊಮ್ಮೆ. ಚಳಿಗೆ ಚಿಗುರಿನಲ್ಲಿ ರಸ ಹೀರುವ ಸಿಲ್ಲಿಡ್ ಎಂಬ ಸಣ್ಣ ಹುಳ ಕೂರುತ್ತದೆ, 1988ರಲ್ಲಿ ನಮ್ಮ ದೇಶಕ್ಕೆ ಬಂದ ಪೀಡೆ ಇದು. ನಾನು ಔಷಧಿ ಹೊಡೆಯುವುದಿಲ್ಲ, ಮೇವಿನ ಗಿಡ ಅಲ್ವಾ, ಬೋಳು ಮಾಡಿ ಕಾಯುತ್ತೇನೆ.

ಎರಡು ಎಮ್ಮೆಗೆ ಹತ್ತಿಕಾಳು ಹಿಂಡಿ ಅರ್ಧಕ್ಕಿಳಿದಿದೆ. ತಿಂಗಳಿಗೆ ಸಾವಿರದೈನೂರು ಉಳಿಯುತ್ತದೆ, ಹಾಲಿನ ಜಿಡ್ಡು ಇಳಿದಿಲ್ಲ. ಸೊಪ್ಪು ತಿಂದು ಬಿಟ್ಟ ಕಡ್ಡಿಯೇ ಹಂಡೆ ಒಲೆಗೆ. ತಿಂಗಳು ಒಣಗಿಸಿದರೆ ಹೊಗೆ ಕಡಿಮೆ, ಆದರೆ ಕೆಂಡ ಜಾಲಿಯಷ್ಟು ನಿಲ್ಲುವುದಿಲ್ಲ, ಅದನ್ನು ಒಪ್ಪಲೇಬೇಕು. ದಪ್ಪ ಕಟ್ಟಿಗೆಗೆ ಅಲ್ಲೊಂದು ಇಲ್ಲೊಂದು ಗಿಡ ಎತ್ತರ ಬಿಟ್ಟಿದ್ದೇನೆ, ಅವುಗಳ ಕಾಯಿ ಹಸಿರಿದ್ದಾಗಲೇ ಕೀಳಬೇಕು.

ನಡುವೆ ಸುಮ್ನೆ ಒಣಸೊಪ್ಪಿನ ಪುಡಿ ಒಂದು ಚಿಟಿಕೆ ಕೋಳಿಗಳ ಕಾಳಿಗೆ ಬೆರೆಸಿ ನೋಡಿದೆ. ಮೊಟ್ಟೆಯ ಭಂಡಾರ (ಒಳಗಿನ ಹಳದಿ) ಅರಿಶಿಣದಂತೆ ಬಂತು. ಜಾಸ್ತಿ ಹಾಕಿದರೆ ಕೋಳಿ ಸೊರಗುತ್ತವೆ ಅಂತ ಅಲ್ಲಿಗೇ ನಿಲ್ಲಿಸಿದೆ.

ಹೊಲ ತುಂಬ ಹಚ್ಚಿ ಕಾಗದದ ಪಲ್ಪ್ ಮಿಲ್ಲಿಗೆ ಕೊಡು ಅನ್ನುವವರೂ ಇದ್ದಾರೆ. ಅಷ್ಟು ಜಾಗ ಬಿಟ್ಟರೆ ಶೇಂಗಾ ಎಲ್ಲಿ ಹಾಕಲಿ? ಬದುವಿನ ಮರಕ್ಕಂತೂ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ.