ಲೈಟರ್ ಅನಿಲದ ತೂಕ: ಹಾಸನದಲ್ಲಿ 760 ಬರೆಯಬೇಡಿ

ಸಿಗರೇಟ್ ಲೈಟರ್‌ನಲ್ಲಿರುವುದು ಮುಖ್ಯವಾಗಿ ಬ್ಯುಟೇನ್. ಅದರ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್ (ಅಣುಗಳ ನಿಗದಿತ ಎಣಿಕೆ) ಅನಿಲದ ತೂಕ, 58 ಗ್ರಾಂ. ಲೈಟರ್‌ನಿಂದ ಸ್ವಲ್ಪ ಅನಿಲ ಬಿಟ್ಟು, ಲೈಟರ್ ಕಳೆದುಕೊಂಡ ತೂಕ ಮತ್ತು ಅನಿಲದ ಗಾತ್ರದಿಂದ ಈ ಅಂಕಿ ಕಂಡುಹಿಡಿಯುವುದೇ ಪ್ರಯೋಗ. ನಮ್ಮ ಕಡೆಯ ವಿದ್ಯಾರ್ಥಿಗಳ ರೆಕಾರ್ಡ್ ಬುಕ್ ತೆರೆದರೆ ಮಾತ್ರ 50, 44 ಅಂತ ಏನೇನೋ ಇರುತ್ತದೆ.

ಮೊದಲು ಲೈಟರ್‌ನ ಕಲ್ಲು, ಚಕ್ರ ಕಿತ್ತುಹಾಕಿ, ಕಿಡಿ ಹಾರಬಾರದು. ಕಿಟಕಿ ತೆರೆದಿರಲಿ, ಹತ್ತಿರ ಬರ್ನರ್ ಉರಿಯುವುದು ಬೇಡ. ಅನಿಲ ಬಿಡುವ ಮೊದಲೂ ಆಮೇಲೂ ಲೈಟರನ್ನು ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲೇ ತೂಗಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಎರಡೇ ದಶಮಾಂಶದ ಪುಟಾಣಿ ತಕ್ಕಡಿಗೆ ದುಡ್ಡು ಸುರಿಯಬೇಡಿ.

ಹಿಂದಿನ ದಿನವೇ ಹಿಡಿದಿಟ್ಟ ನೀರಿನ ಟಬ್ಬಿನಲ್ಲಿ, ನೀರು ತುಂಬಿದ 100 ಮಿ.ಲೀ. ಸಿಲಿಂಡರನ್ನು ಬೋರಲು ಹಿಡಿದು, ಅದರ ಬಾಯಡಿ ಲೈಟರ್ ಒತ್ತಿ ಅನಿಲ ತುಂಬಿಸಿ. ಒಳಗಿನ, ಹೊರಗಿನ ನೀರಿನ ಮಟ್ಟ ಸಮ ಮಾಡಿಕೊಂಡು ಅಳತೆ ಓದಿ.

ಇನ್ನು ಎಲ್ಲರೂ ಎಡವುವ ಜಾಗ. ಇಲ್ಲಿನ ಒತ್ತಡದಲ್ಲಿ 100 ಮಿ.ಲೀ. ಬ್ಯುಟೇನ್ ತೂಗುವುದೇ 0.2 ಗ್ರಾಂ. ಒಂದು ಹನಿ ನೀರು ಸುಮಾರು 0.05 ಗ್ರಾಂ. ಲೈಟರ್‌ನ ಸಂದಿಯಲ್ಲಿ ಒಂದೇ ಹನಿ ಉಳಿದರೂ ಉತ್ತರ 44ಕ್ಕೆ ಇಳಿಯುತ್ತದೆ. ಅದು ಪ್ರೊಪೇನ್‌ನ ಅಂಕಿ! 'ಅನಿಲ ಪ್ರೊಪೇನ್' ಎಂದು ಧೈರ್ಯವಾಗಿ ಬರೆದುಕೊಟ್ಟವರೂ ಉಂಟು. ಚೆನ್ನಾಗಿ ಕೊಡವಿ, ಟಿಶ್ಯೂನಿಂದ ಒತ್ತಿ, ಗಾಳಿಗಿಡಿ. ಹೇರ್ ಡ್ರೈಯರ್‌ನ ಬಿಸಿಗಾಳಿ ಬೇಡವೇ ಬೇಡ. ತೂಗಿ, ಹತ್ತು ನಿಮಿಷ ಬಿಟ್ಟು ಮತ್ತೆ ತೂಗಿ. ಎರಡೂ ತೂಕ ಒಂದೇ ಬರುವ ತನಕ ಬಿಡಬೇಡಿ. ನನ್ನನ್ನು ಕೇಳಿದರೆ, ಲೈಟರನ್ನು ಮುಳುಗಿಸುವುದೇ ತಪ್ಪು. ಅದರ ಬಾಯಿಗೆ ಬಿಗಿಯಾದ ಸಪೂರ ರಬ್ಬರ್ ನಳಿಕೆ ಸಿಕ್ಕಿಸಿದರೆ ಒಣಗಿಸುವ ತಲೆನೋವೇ ಇಲ್ಲ.

ಲೆಕ್ಕಕ್ಕೆ ಕೂತಾಗ ಗಾಳಿಯ ಒತ್ತಡಕ್ಕೆ ಕೈ ತಾನಾಗಿ 760 ಮಿ.ಮೀ. (ಪಾದರಸದ ಎತ್ತರ) ಬರೆಯುತ್ತದೆ. ಅದು ಸಮುದ್ರಮಟ್ಟದ ಒತ್ತಡ, ಮಂಗಳೂರಿನವರು ಬರೆದುಕೊಳ್ಳಲಿ. ಸಾವಿರ ಮೀಟರ್ ಆಸುಪಾಸಿನ ಹಾಸನದಲ್ಲಿ ಪಾದರಸ ನಿಲ್ಲುವುದು 675ರ ಹತ್ತಿರ, ಚಿಕ್ಕಮಗಳೂರಿನಲ್ಲಿ ಇನ್ನೂ ಕೆಳಗೆ. ಮೊಬೈಲ್‌ನ ಹವಾಮಾನ ಆ್ಯಪ್ ನಂಬಬೇಡಿ. ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿಯನ್ನೇ ತೋರಿಸುತ್ತದೆ. ಫಿಸಿಕ್ಸ್ ವಿಭಾಗದ ಗೋಡೆಯ ಫೋರ್ಟಿನ್ ಬ್ಯಾರೋಮೀಟರ್ (ಪಾದರಸದ ಒತ್ತಡಮಾಪಕ) ನೋಡಿ ಬನ್ನಿ.

ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಬೆರೆತಿರುತ್ತದೆ, ಆದ್ದರಿಂದ ಬಂದ ಅಂಕಿಯಿಂದ ನೀರಾವಿಯ ಒತ್ತಡ ಕಳೆಯಿರಿ. 25 ಡಿಗ್ರಿಯಲ್ಲಿ ಅದು 24 ಮಿ.ಮೀ., ಉಳಿದದ್ದು 651. ಕಳೆದುಹೋದ ತೂಕ 0.203 ಗ್ರಾಂ ಎಂದಿಟ್ಟುಕೊಳ್ಳಿ. ಅದನ್ನು 62.4ರಿಂದಲೂ (ಈ ಮಾನಗಳಲ್ಲಿ ಅನಿಲ ಸ್ಥಿರಾಂಕ) 298 ಕೆಲ್ವಿನ್‌ನಿಂದಲೂ (ಅಂದರೆ ಅದೇ 25 ಡಿಗ್ರಿ) ಗುಣಿಸಿ, 651 ಮತ್ತು 0.1 ಲೀಟರ್‌ಗಳ ಗುಣಲಬ್ಧದಿಂದ ಭಾಗಿಸಿದರೆ 58. ನೇರವಾಗಿ 760 ಹಾಕಿದ್ದರೆ ಇದೇ ತೂಕಕ್ಕೆ 50 ಬರುತ್ತಿತ್ತು.

56ರಿಂದ 60ರೊಳಗೆ ಏನು ಬಂದರೂ ಹಾಗೇ ಬರೆಯಿರಿ. ಲೈಟರ್ ಅನಿಲದಲ್ಲಿ ಚೂರುಪಾರು ಪ್ರೊಪೇನ್ ಬೆರೆತಿರಬಹುದು, ಅದಕ್ಕಾಗಿ ತೂಕದ ಅಂಕಿ ತಿದ್ದಬೇಡಿ.