ಮಕ್ಕಳ ನಾಟಕದಲ್ಲಿ ಗದ್ದಲ ಯಾರದ್ದು?

ನಮ್ಮದು ಮೈಸೂರಿನ ಒಂದು ಹವ್ಯಾಸಿ ತಂಡ. ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗಾಗಿ ನಾಟಕ ಆಡುತ್ತೇವೆ. ನಾನು ಬಣ್ಣ ಹಚ್ಚುವುದು ಅಪರೂಪ. ಬಾಗಿಲಲ್ಲಿ ನಿಂತು ಟಿಕೆಟ್ ನೋಡುವುದು, ಬಂದವರನ್ನು ಕೂರಿಸುವುದು, ಮಧ್ಯೆ ಯಾವ ಮಗು ಅತ್ತರೂ ಓಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ವೇದಿಕೆಗಿಂತ ಪ್ರೇಕ್ಷಕರನ್ನೇ ಜಾಸ್ತಿ ನೋಡಿದ್ದೇನೆ. ನನಗೆ ಕಂಡದ್ದು ಇಷ್ಟು: ಮಕ್ಕಳ ಸದ್ದಿಗೆ ನಾಟಕ ಕೆಡುವುದು ಕಡಿಮೆ. ಅವರನ್ನು ಸುಮ್ಮನಿರಿಸಲು ಹೊರಟ ದೊಡ್ಡವರ ಸದ್ದಿಗೆ ಕೆಡುವುದೇ ಜಾಸ್ತಿ.

ನಮ್ಮ ನಾಟಕವೊಂದರಲ್ಲಿ ಹುಲಿ ಮರದ ಮರೆಯಲ್ಲಿ ಅಡಗಿರುತ್ತದೆ. ಅಜ್ಜನ ಪಾತ್ರ ಬಂದು ‘ಎಲ್ಲೂ ಕಾಣ್ತಿಲ್ವಲ್ಲಾ ಹುಲಿ?’ ಅನ್ನುತ್ತದೆ. ಮಕ್ಕಳೆಲ್ಲ ‘ಹಿಂದೆ! ಅಜ್ಜಾ, ಹಿಂದೆ!’ ಎಂದು ಕಿರುಚುತ್ತಾರೆ. ಆ ಕೂಗಿಗಾಗಿಯೇ ನಟ ಕಾಯುತ್ತಿರುತ್ತಾನೆ. ಅದು ಬರದಿದ್ದರೆ ದೃಶ್ಯವೇ ಸಪ್ಪೆ. ಅದೇ ಹೊತ್ತಿಗೆ ನಾಲ್ಕು ವರ್ಷದವನೊಬ್ಬ ‘ಅಮ್ಮಾ, ಅದು ನಿಜವಾದ ಹುಲೀನಾ?’ ಎಂದು ಕೇಳುತ್ತಾನೆ. ‘ಅಲ್ಲ ಕಂದಾ, ವೇಷ’ ಎಂದು ಅಮ್ಮ ಕಿವಿಯಲ್ಲಿ ಹೇಳಿದರೆ ಅಲ್ಲಿಗೆ ಮುಗಿಯಿತು. ‘ಶ್!’ ಅಂದರೆ ಮುಗಿಯುವುದಿಲ್ಲ. ಅವನು ಇನ್ನೊಂದು ಸಲ, ಇನ್ನೂ ಜೋರಾಗಿ ಕೇಳುತ್ತಾನೆ. ಅಮ್ಮನ ‘ಶ್ಶ್ಶ್’ ಕೂಡ ಜೋರಾಗುತ್ತದೆ. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಹಿಂದಿನಿಂದ ಯಾರೋ ‘ಸ್ವಲ್ಪ ಮಗೂನ ಸುಮ್ನಿರಿಸ್ತೀರಾ’ ಅನ್ನುತ್ತಾರೆ. ಅಷ್ಟರಲ್ಲಿ ಹುಲಿ ಓಡಿಹೋಗಿರುತ್ತದೆ, ನೋಡಿದವರಿಲ್ಲ!

ಅದಕ್ಕೇ ನಾನು ಸದ್ದನ್ನು ಎರಡು ಥರ ಮಾಡಿಕೊಂಡಿದ್ದೇನೆ. ಪ್ರಶ್ನೆ, ನಗು, ಹೆದರಿಕೆಯ ಕೂಗು, ಚಪ್ಪಾಳೆ, ಎದ್ದು ನಿಂತು ಕುಣಿಯುವುದು, ಇವೆಲ್ಲ ನಾಟಕ ನೋಡುತ್ತಿರುವ ಮಗುವಿನ ಸದ್ದು. ಅದಕ್ಕೆ ನಾನು ಕೈ ಹಾಕುವುದಿಲ್ಲ. ಹಸಿವು, ನಿದ್ದೆ, ಬೇಜಾರು, ಮುಂದಿನ ಸೀಟಿಗೆ ಒದೆಯುವುದು, ನಿಲ್ಲದ ಅಳು, ಇವು ನಾಟಕ ಬಿಟ್ಟುಹೋದ ಮಗುವಿನ ಸದ್ದು. ಆಗ ಹತ್ತಿರ ಹೋಗಿ, ಮಂಡಿಯೂರಿ ಕೂತು, ‘ಬನ್ನಿ, ಸ್ವಲ್ಪ ಗಾಳಿಗೆ ಹೋಗಿ ಬರೋಣ. ವಾಪಸ್ ನಾನೇ ಕೂರಿಸ್ತೀನಿ’ ಅನ್ನುತ್ತೇನೆ. ಆ ಎರಡನೇ ಮಾತು ಬಹಳ ಮುಖ್ಯ. ಎಷ್ಟೋ ಅಪ್ಪ ಅಮ್ಮ ಅಳುವ ಮಗುವನ್ನು ಹಿಡಿದುಕೊಂಡು ಒದ್ದಾಡುವುದು ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬ ಭಯಕ್ಕೆ.

ಆ ಭಯ ಸುಮ್ನೆ ಬಂದದ್ದಲ್ಲ. ಬೆಂಗಳೂರಿನ ರಂಗಶಂಕರ ರಂಗಮಂದಿರ 2004ರಲ್ಲಿ ಶುರುವಾದಾಗಿನಿಂದ ಸಮಯದ ವಿಷಯದಲ್ಲಿ ಕಟ್ಟುನಿಟ್ಟು. ನಾಟಕ ಆರಂಭವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ನನಗೆ ಆ ಶಿಸ್ತು ಇಷ್ಟ. ನಾವೂ ಮೂರನೇ ಬೆಲ್‌ಗೆ ನಾಟಕ ಶುರು ಮಾಡಿಬಿಡುತ್ತೇವೆ. ಆದರೆ ಮಕ್ಕಳ ಆಟದಲ್ಲಿ ಹಿಂದಿನ ಬಾಗಿಲೊಂದನ್ನು ತೆರೆದೇ ಇಡುತ್ತೇನೆ. ತಡವಾಗಿ ಬರುವವರಿಗಲ್ಲ, ಹೋಗಿ ಬರುವವರಿಗೆ. ಬ್ರಿಟನ್ನಿನ ರಂಗಮಂದಿರಗಳಲ್ಲಿ ‘ರಿಲ್ಯಾಕ್ಸ್‌ಡ್ ಪರ್ಫಾರ್ಮೆನ್ಸ್’ ಎಂದು ಕೆಲವು ಆಟಗಳನ್ನೇ ಬೇರೆ ಇಡುತ್ತಾರೆ. ಪ್ರೇಕ್ಷಕರ ಕಡೆ ಪೂರ್ತಿ ಕತ್ತಲು ಮಾಡುವುದಿಲ್ಲ, ದೊಡ್ಡ ಸದ್ದುಗಳನ್ನು ತಗ್ಗಿಸುತ್ತಾರೆ, ಎದ್ದು ಓಡಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಆಟಿಸಂ ಇರುವ ಮಕ್ಕಳಿಗೆ ಇದರಿಂದ ತುಂಬಾ ಅನುಕೂಲ. ನನ್ನ ಪ್ರಕಾರ ಪುಟ್ಟ ಮಕ್ಕಳ ಆಟಗಳೆಲ್ಲ ಹೀಗೇ ಇರಬೇಕು.

ಹಾಗೆ ನೋಡಿದರೆ ನಮ್ಮ ಕಡೆ ಇದು ಹೊಸದೇನಲ್ಲ. ನನ್ನ ಅಜ್ಜಿಯ ಮನೆ ಕುಂದಾಪುರದ ಕಡೆ. ಬಯಲಾಟಕ್ಕೆ ಹೋದರೆ ಮಕ್ಕಳು ರಂಗಸ್ಥಳದ ಎದುರೇ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವ ಹೊತ್ತಿಗೆ ಚಂಡೆಯ ಅಬ್ಬರಕ್ಕೆ ಎಚ್ಚರ. ಹೆದರಿ ಅಜ್ಜಿಯ ಸೆರಗಿನೊಳಗೆ ಸೇರುವುದು, ಆಮೇಲೆ ಮತ್ತೆ ನಿದ್ದೆ. ‘ಸುಮ್ನಿರು’ ಎಂದವರು ಯಾರೂ ಇಲ್ಲ. ಕಂಪನಿ ನಾಟಕಗಳಲ್ಲಂತೂ ಹಾಡು ಹಿಡಿಸಿದರೆ ದೊಡ್ಡವರೇ ‘ಒನ್ಸ್ ಮೋರ್’ ಎಂದು ಕೂಗಿ ಮತ್ತೆ ಹಾಡಿಸುತ್ತಿದ್ದರು. ಕತ್ತಲಲ್ಲಿ ಸಾಲಾಗಿ, ಉಸಿರು ಬಿಗಿಹಿಡಿದು ಕೂರುವುದು ನಾವು ನಡುವೆ ಕಲಿತದ್ದು. ಮೂರು ವರ್ಷದ ಮಗು ಅದನ್ನು ಮನೆಯಿಂದಲೇ ಕಲಿತು ಬರಬೇಕು ಅಂದರೆ ಹೇಗೆ?

ಕೆಲವು ಸಣ್ಣಪುಟ್ಟ ವಿಷಯಗಳಿಂದ ಅರ್ಧ ರಗಳೆ ಕಡಿಮೆಯಾಗಿದೆ. ಮೊದಲನೆಯದು ಕತ್ತಲು. ದೀಪವೆಲ್ಲ ಒಮ್ಮೆಲೇ ಆರಿದರೆ ಯಾವುದೋ ಮೂಲೆಯಿಂದ ಅಳು ಗ್ಯಾರಂಟಿ. ಅದು ಹಬ್ಬುವುದೂ ಬೇಗ. ಈಗ ನಾವು ನಿಧಾನವಾಗಿ ತಗ್ಗಿಸುತ್ತೇವೆ, ದೃಶ್ಯ ಬದಲಾಗುವಾಗಲೂ ವೇದಿಕೆ ಮೇಲೆ ನೀಲಿ ಬೆಳಕು ಉಳಿಸುತ್ತೇವೆ. ಎರಡನೆಯದು ಮುಖವಾಡ. ನಾಟಕಕ್ಕೆ ಮೊದಲು ಹುಲಿಯ ಪಾತ್ರಧಾರಿ ಬರಿ ಮುಖದಲ್ಲಿ ಬಂದು, ಮುಖವಾಡ ಕೈಯಲ್ಲಿ ಹಿಡಿದು, ‘ಇದು ಪೇಪರ್ ಮತ್ತು ಅಂಟಿನಿಂದ ಮಾಡಿದ್ದು, ಮುಟ್ಟಿ ನೋಡ್ತೀರಾ?’ ಅನ್ನುತ್ತಾನೆ. ಮಕ್ಕಳ ಎದುರೇ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಳ್ಳುತ್ತಾನೆ. ಗುಟ್ಟು ಬಿಟ್ಟುಕೊಟ್ಟರೆ ಮಜಾ ಹೋಗುತ್ತದೆ ಎಂದು ತಂಡದಲ್ಲಿ ವಾದವಾಗಿತ್ತು. ಮಜಾ ಎಲ್ಲೂ ಹೋಗಲಿಲ್ಲ. ಮುಟ್ಟಿ ನೋಡಿದ ಮಕ್ಕಳೇ ಆಮೇಲೆ ಎಲ್ಲರಿಗಿಂತ ಜೋರಾಗಿ ಕಿರುಚುತ್ತಾರೆ, ಖುಷಿಗೆ.

ಇನ್ನು ಸೀಟು. ಮಡಚುವ ಕುರ್ಚಿಗೆ ಪುಟ್ಟ ಮಗುವಿನ ತೂಕ ಸಾಲುವುದಿಲ್ಲ. ಇಲಿಬೋನಿನ ಹಾಗೆ ಕುರ್ಚಿ ಪಟ್ಟನೆ ಮಡಚಿಕೊಳ್ಳುತ್ತದೆ, ಮಗು ಒಳಗೆ, ಕಾಲು ಮೇಲೆ. ಸಾಧ್ಯವಾದ ಕಡೆ ವೇದಿಕೆ ಮುಂದೆ ಜಮಖಾನ ಹಾಸಿ ಮಕ್ಕಳನ್ನು ಅಲ್ಲೇ ಕೂರಿಸುತ್ತೇವೆ. ಆದರೆ ಮೂರರ ಒಳಗಿನವರನ್ನು ತೀರಾ ಮುಂದೆ ಕೂರಿಸಬೇಡಿ. ನಡುವಿನ ಸಾಲು, ಓಡಾಡುವ ದಾರಿಯ ಪಕ್ಕದ ಸೀಟು ಅವರಿಗೆ ವಾಸಿ. ನೋಡಲು ಅಡ್ಡ ಇಲ್ಲ, ಹೊರಗೆ ಹೋಗಲೂ ಸಲೀಸು. ಒಂದನೇ ಬೆಲ್ ಹೊಡೆಯುವ ಮೊದಲೇ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ. ‘ಬರ್ತಿಲ್ಲ’ ಅಂದರೂ ಕರೆದುಕೊಂಡು ಹೋಗಿ! ಹೆಜ್ಜೆಗೊಮ್ಮೆ ಪೀಂ ಪೀಂ ಅನ್ನುವ ಚಪ್ಪಲಿ, ಮಿಣುಕು ದೀಪದ ಶೂ ಎರಡೂ ಆ ದಿನ ಮನೆಯಲ್ಲೇ ಇರಲಿ. ಕತ್ತಲಲ್ಲಿ ಒಂದು ಶೂ ಕೆಂಪು, ನೀಲಿ, ಹಸಿರು ಮಿಣುಕಿದರೆ ಆ ಸಾಲಿನ ಮಕ್ಕಳೆಲ್ಲ ಅದನ್ನೇ ನೋಡುತ್ತಾರೆ. ತಿಂಡಿ ಹೊರಗೇ ಮುಗಿಯಲಿ. ಚಿಪ್ಸ್ ಪೊಟ್ಟಣದ ಚರಪರ ಸದ್ದು ಮಗುವಿನ ಮಾತಿಗಿಂತ ದೂರ ಕೇಳುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮೊಬೈಲ್ ನೋಡಿ. ಮಗು ವೇದಿಕೆ ನೋಡುತ್ತಿರುತ್ತದೆ. ಅಪ್ಪ ಅದರ ಮುಖದೆದುರು ಫೋನ್ ಹಿಡಿದು ‘ಇಲ್ನೋಡು ಪುಟ್ಟಾ, ಸ್ಮೈಲ್’ ಅನ್ನುತ್ತಾನೆ. ಹಿಂದೆ ಕೂತ ಮಕ್ಕಳಿಗೆ ಕಾಣುವುದು ಆ ಪರದೆ ಮಾತ್ರ. ಈಗ ಮೊದಲೇ ಹೇಳಿಬಿಡುತ್ತೇನೆ: ‘ನಾಟಕ ಮುಗಿದ ಮೇಲೆ ಹುಲಿ, ಅಜ್ಜ ಎಲ್ಲರೂ ಕೆಳಗೆ ಬರ್ತಾರೆ. ಎಷ್ಟು ಬೇಕಾದರೂ ಫೋಟೋ ತಗೊಳ್ಳಿ. ಅಲ್ಲೀವರೆಗೆ ಜೇಬಲ್ಲಿ.’ ದೊಡ್ಡವರು ಮರೆತರೆ ಮಕ್ಕಳೇ ‘ಅಪ್ಪಾ, ಅಕ್ಕ ಬೇಡ ಅಂದ್ರು’ ಎಂದು ಎಚ್ಚರಿಸುತ್ತಾರೆ. ಈ ಕಾವಲುಗಾರರು ಬಹಳ ಖಡಕ್.

ಶಾಲೆಗಳಿಗೆ ಹೋಗಿ ಆಡುವಾಗ ತೊಂದರೆ ಉಲ್ಟಾ. ಅಲ್ಲಿ ಮಕ್ಕಳನ್ನು ಕೈ ಕಟ್ಟಿಸಿ, ಬಾಯ ಮೇಲೆ ಬೆರಳಿಡಿಸಿ ಕೂರಿಸಿರುತ್ತಾರೆ. ಪಕ್ಕದಲ್ಲಿ ಮೇಷ್ಟ್ರು ನಿಂತಿರುತ್ತಾರೆ. ನಗು ಬಂದರೂ ಮಕ್ಕಳು ಮೊದಲು ಅವರ ಮುಖ ನೋಡುತ್ತಾರೆ. ಹಾಗಾಗಿ ಮೇಷ್ಟ್ರು, ಟೀಚರುಗಳು ನಿಲ್ಲದೆ ಮಕ್ಕಳ ನಡುವೆಯೇ ಕೂತುಕೊಳ್ಳಿ ಎಂದು ಕೇಳಿಕೊಳ್ಳುತ್ತೇವೆ. ಅವರು ಒಮ್ಮೆ ನಕ್ಕರೆ ಸಾಕು, ಮಕ್ಕಳ ಕೈ ತಾನೇ ಬಿಚ್ಚಿಕೊಳ್ಳುತ್ತದೆ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಟಿಕೆಟ್ ಮೇಲೆ ‘4 ವರ್ಷ ಮೇಲ್ಪಟ್ಟವರಿಗೆ’ ಎಂದು ಹಾಕುತ್ತೇವೆ. ಆರು ವರ್ಷದ ಅಕ್ಕನ ಜೊತೆ ಎರಡು ವರ್ಷದ ತಮ್ಮ ಬಂದೇ ಬರುತ್ತಾನೆ. ಅವನನ್ನು ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲ, ಅಲ್ವಾ? ವಾಪಸ್ ಕಳಿಸಲು ನನಗೆ ಬಾಯಿ ಬರುವುದಿಲ್ಲ. ಹಿಂದಿನ ಬಾಗಿಲ ಪಕ್ಕದ ಎರಡು ಸೀಟು ಯಾರಿಗೂ ಕೊಡದೆ ಇಟ್ಟುಕೊಂಡಿರುತ್ತೇನೆ. ಅಜ್ಜಿಯನ್ನೂ ಅವನನ್ನೂ ಅಲ್ಲಿ ಕೂರಿಸುತ್ತೇನೆ. ತಂಡದ ಖಜಾಂಚಿಗೆ ಮಾತ್ರ ಇದು ಇಷ್ಟವಿಲ್ಲ. ಆ ಎರಡು ಟಿಕೆಟ್ ದುಡ್ಡು ಪ್ರತಿ ಆಟಕ್ಕೂ ಹೋಯ್ತು ಎಂದು ಗೊಣಗುತ್ತಲೇ ಇದ್ದಾರೆ.